ತೊಟ್ಟಿಲು ಬಂತು, ಕ್ಯಾನು ಬರಿದಾಯಿತು

ಬೆಳಗ್ಗೆ ಎದ್ದ ಕೂಡಲೇ ನಿಲ್ಸಾ ಮಾಡುತ್ತಿದ್ದ ಮೊದಲ ಕೆಲಸ ಒಂದೇ. ಏಣಿ ಇಳಿದು, ಮನೆಯನ್ನು ಹೊತ್ತು ನಿಂತ ಕಂಬಗಳ ನಡುವೆ ಬಗ್ಗಿ, ಒಲೆಯಿಂದ ದೂರ ಇಟ್ಟಿದ್ದ ಎರಡು ನೀಲಿ ಕ್ಯಾನುಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುವುದು. ದಪ್ಪ ಸದ್ದು ಬಂದರೆ ಪೆಟ್ರೋಲು ತುಂಬಿದೆ ಎಂದರ್ಥ. ಆ ಸದ್ದು ಕೇಳಿದ ಮೇಲೆಯೇ ಅವಳು ಬಾಳೆಕಾಯಿ ಬೇಯಿಸಲು ಮೇಲೆ ಹತ್ತುತ್ತಿದ್ದಳು.

ಅವಳ ಬಸಿರಿಗೆ ಎಂಟು ತಿಂಗಳು ತುಂಬಿತ್ತು. ಸಮುದ್ರಕ್ಕೆ ಹತ್ತಿರ, ಬಾವುದೊ ನದಿಯ ದಡದ ಆ ಹಳ್ಳಿಯಿಂದ ಪೇಟೆಯ ಆಸ್ಪತ್ರೆಗೆ ರಸ್ತೆಯಿಲ್ಲ, ಇರುವುದು ನದಿಯೊಂದೇ. ಐದು ವರ್ಷದ ಹಿಂದೆ ಮೊದಲ ಮಗಳು ಹುಟ್ಟಿದಾಗ ನಿಲ್ಸಾಳ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಗೆ ಹೇಗೆ ತಲುಪಿದೆ ಎಂಬುದು ಅವಳಿಗೆ ನೆನಪಿಲ್ಲ. ಬೆನ್ನಿನ ಕೆಳಗೆ ದೋಣಿಯ ಹಲಗೆ ತಣ್ಣಗಿದ್ದದ್ದು ಮಾತ್ರ ನೆನಪಿದೆ. ಈ ಸಲ ನೋವು ಶುರುವಾದ ಕೂಡಲೇ ಹೊರಟುಬಿಡಬೇಕು ಎಂದು ನರ್ಸಮ್ಮ ಎಚ್ಚರಿಸಿದ್ದರು. ಆದರೆ ಬಸುರಿಯ ಬಾಯಲ್ಲಿ ರಕ್ತದ ಮಾತು ಬರಬಾರದು ಎಂದು ಅತ್ತೆ ಪಾಸ್ತೋರಾ ಗದರುತ್ತಿದ್ದರು. ಹಾಗಾಗಿ ನಿಲ್ಸಾ, "ಈ ಪೆಟ್ರೋಲು ಹೆರಿಗೆಗೆ" ಎಂದಷ್ಟೇ ಹೇಳಿ ಸುಮ್ಮನಾಗಿದ್ದಳು.

ಆ ಶನಿವಾರ ಬೆಳಗ್ಗೆ ಒಂದು ಕ್ಯಾನು ಟೊಳ್ಳು ಸದ್ದು ಮಾಡಿತು. ಮತ್ತೆ ತಟ್ಟಿದಳು. ಮತ್ತೂ ಟೊಳ್ಳು.

"ಅತ್ತೆ, ಒಂದು ಕ್ಯಾನು ಖಾಲಿಯಾಗಿದೆ!"

"ಯಾಕೆ ಹಾಗೆ ಕಿರುಚ್ತೀಯ? ಅರ್ಸೇನಿಯೊ ಮೋಟಾರಿಗೆ ಸುರ್ಕೊಂಡು ಪೇಟೆಗೆ ಹೋದ. ಏನಕ್ಕೆ ಅಂತ ಮಾತ್ರ ಕೇಳ್ಬೇಡ. ಸಾಯಂಕಾಲ ನೀನೇ ಬಾಯಿ ಬಿಟ್ಕೊಂಡು ನೋಡ್ತೀಯ."

"ಅದು ಹೆರಿಗೆಗೆ ಅಂತ ಇಟ್ಟಿದ್ದಲ್ವಾ ಅತ್ತೆ?"

"ಇನ್ನೊಂದು ಇದ್ಯಲ್ಲೇ! ಪೇಟೆಗೆ ಒಂದು ಕ್ಯಾನು ಸಾಕು. ನಿನ್ ಗಂಡ ದೋಣಿಯವನು, ಅವನಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಅವತ್ತೆಲ್ಲ ನಿಲ್ಸಾ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೀನು ಸೀದುಹೋಯಿತು. ದೂರದಲ್ಲಿ ಮೋಟಾರಿನ ಸದ್ದಾದರೆ ಜಗಲಿಯ ಅಂಚಿಗೆ ಓಡುವಳು. ಹೊಟ್ಟೆಯಲ್ಲಿ ಮಗು ಒದ್ದರೆ ಉಸಿರು ಬಿಗಿಹಿಡಿದು, ಇದು ಒದೆತವೋ ನೋವೋ ಎಂದು ಕಾಯುವಳು.

ಸಂಜೆ ನದಿಯ ತಿರುವಿನಲ್ಲಿ ಮೊದಲು ಕಂಡದ್ದು ದೋಣಿಯಲ್ಲ, ತೊಟ್ಟಿಲು. ಬಿಳಿ ಬಣ್ಣದ್ದು. ದೋಣಿಯ ಮೂತಿಯ ಮೇಲೆ ಕಟ್ಟಿದ್ದ ಅದರ ಸೊಳ್ಳೆಪರದೆ ಗಾಳಿಗೆ ಉಬ್ಬಿತ್ತು. ಮಕ್ಕಳು ದಡದುದ್ದಕ್ಕೂ ಕೂಗುತ್ತ ಓಡಿಬಂದವು. ಮೂರು ಮನೆ ಕೆಳಗಿನ ಅಂಗಡಿಯ ದೋನ್ ಫ್ಲೋರೊ ತನ್ನ ಜಗಲಿಯಿಂದಲೇ, "ಲೋ, ನನ್ ಸೊಸೇನೂ ಬಸುರಿ ಕಣೋ! ಅದನ್ನ ಎಷ್ಟಕ್ಕೆ ತಂದೆ?" ಎಂದು ಕೂಗಿದರು.

ಅರ್ಸೇನಿಯೊ ಎದೆಯುಬ್ಬಿಸಿ ಹಗ್ಗ ಕಟ್ಟಿದ. "ಮೊದಲ ಮಗಳನ್ನ ಬುಟ್ಟೀಲಿ ಮಲಗಿಸಿದ್ರು ಅಂತ ನಿನ್ನಕ್ಕ ಊರೆಲ್ಲ ಸಾರಿದ್ಲಲ್ಲ ನಿಲ್ಸಾ, ಈಗ ಬಂದು ನೋಡ್ಲಿ!"

"ಪೆಟ್ರೋಲು ತಂದ್ಯಾ?"

"ವಾಪಸ್ ಬರೋಕೆ ಎಷ್ಟು ಬೇಕೋ ಅಷ್ಟು ಹಾಕಿಸ್ದೆ. ಕ್ಯಾನೂ ತುಂಬಿಸ್ಬೇಕು ಅಂತಿದ್ದೆ. ಹಾಸಿಗೆ, ಪರದೆ ಎಲ್ಲ ಬೇರೆ ಬೇರೆ ದುಡ್ಡಂತೆ. ಇರ್ಲಿ ಬಿಡು, ಮುಂದಿನ ತಿಂಗಳು ತುಂಬಿಸಿದ್ರಾಯ್ತು."

ತೊಟ್ಟಿಲು ನೋಡಲು ಸೇರಿದವರ ನಡುವೆ ಸೂಲಗಿತ್ತಿ ತೊಮಾಸಾ ಇದ್ದರು. ಊರಿನ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಅವರು ರಬ್ಬರ್ ಬೂಟಿನಲ್ಲೇ ದೋಣಿಗೆ ಹತ್ತಿ, ತೊಟ್ಟಿಲಿನ ಹಾಸಿಗೆ ಒತ್ತಿ ನೋಡಿದರು.

"ಚೆನ್ನಾಗಿದೆ. ಇದಕ್ಕೆ ಮೋಟಾರು ಎಲ್ಲಿ ಕಟ್ತೀಯಪ್ಪಾ?"

ಎಲ್ಲರೂ ನಕ್ಕರು. ತೊಮಾಸಾ ನಗಲಿಲ್ಲ. "ನೀನು ಇವತ್ತು ಹೋದದ್ದು ಇಳಿಯೋ ನೀರಲ್ಲಿ, ಬಂದದ್ದು ಏರೋ ನೀರಲ್ಲಿ. ಅಲ್ವಾ?"

"ಹೌದು ತಾಯಿ, ಲೆಕ್ಕ ಹಾಕೇ ಹೊರಟದ್ದು."

"ನಿನ್ ಹೆಂಡತಿಗೆ ನೋವು ಬಂದಾಗ ಸಮುದ್ರದ ನೀರು ಉಬ್ಬಿ ನದಿಯೊಳಗೆ ಏರ್ತಾ ಇದ್ರೆ? ಅದಕ್ಕೆ ಎದುರಾಗಿ ಪೇಟೆಗೆ ಹೋಗೋಕೆ ಎಷ್ಟು ಕ್ಯಾನು ಬೇಕು? ನೀನೇ ದೋಣಿಯವನು, ನೀನೇ ಹೇಳು."

ಅರ್ಸೇನಿಯೊ ತಲೆ ಕೆರೆದುಕೊಂಡ. ನೀರನ್ನು ನೋಡಿದ. "ಎರಡು," ಎಂದ ಮೆಲ್ಲಗೆ.

"ಮಗು ನೀರಿನ ಹೊತ್ತು ಕೇಳ್ಕೊಂಡು ಬರತ್ತಾ?"

ಪಾಸ್ತೋರಾ ಸುಮ್ಮನಿರಲಿಲ್ಲ. ಹೆರಿಗೆ ಮಾಡಿಸಿದ ನಂಟಿಗೆ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎನ್ನುತ್ತಿದ್ದರು. "ಸಾಕು ನಿಲ್ಲಿಸು ಕೊಮಾದ್ರೆ! ಆರು ಮಕ್ಕಳನ್ನ ನಿನ್ ಕೈಯಲ್ಲೇ ಹೆತ್ತೆ. ನಂಗ್ಯಾವ ಪೆಟ್ರೋಲು ಬೇಕಾಗಿತ್ತು?"

"ನಿನ್ನ ರಕ್ತ ನಿಂತಿತು ಕೊಮಾದ್ರೆ. ಇವಳದ್ದು ನಿಲ್ಲಲಿಲ್ಲ. ಸೊಪ್ಪು ಅರೆದು ಕೊಟ್ಟೆ, ಹೊಟ್ಟೆ ಒತ್ತಿ ಹಿಡಿದೆ. ನನ್ನ ಈ ಕೈಗೆ ಆಗಲಿಲ್ಲ. ಒಂದು ಸಲ ಹೀಗಾದವಳಿಗೆ ಇನ್ನೊಂದು ಸಲಾನೂ ಆಗಬಹುದು. ಅದಕ್ಕೆ ಔಷಧಿ ಇರೋದು ಆಸ್ಪತ್ರೇಲಿ."

ಆಗ ನಿಲ್ಸಾಳ ಬಾಯಿ ತೆರೆಯಿತು. ಎಂಟು ತಿಂಗಳು ನುಂಗಿಕೊಂಡದ್ದು ಒಮ್ಮೆಲೇ ಹೊರಬಂತು. "ಅತ್ತೆ, ನಂಗೆ ದಿನಾ ಭಯ. ಆ ಕ್ಯಾನು ತಟ್ಟಿ ನೋಡದೆ ಹೋದ್ರೆ ಗಂಜಿ ಇಳಿಯಲ್ಲ. ಮಗೂಗೆ ತೊಟ್ಟಿಲು ಇದ್ದು ಅಮ್ಮ ಇಲ್ದೇ ಹೋದ್ರೆ ಏನು ಮಾಡ್ತೀರಿ?"

ಅರ್ಸೇನಿಯೊ ತೊಟ್ಟಿಲಿನ ಗಂಟು ಬಿಚ್ಚುತ್ತಿದ್ದವನು ಹಾಗೇ ನಿಂತ.

ಪಾಸ್ತೋರಾ ಸೊಸೆಯ ಕೈ ಹಿಡಿದುಕೊಂಡರು. ಆಮೇಲೆ ಮಗನತ್ತ ತಿರುಗಿ, "ಗಂಟು ಬಿಚ್ಬೇಡ. ಹಾಗೇ ಇರ್ಲಿ. ಮೋಟಾರು ಬೇಡ, ಹುಟ್ಟು ಹಾಕ್ಕೊಂಡು ಫ್ಲೋರೊ ಅಂಗಡಿಗೆ ಹೋಗು," ಎಂದರು. "ಬರೋದನ್ನ ನೋಡಿದ ಊರು ಹೋಗೋದನ್ನೂ ನೋಡ್ಲಿ. ಎರಡು ಸಲ ನಾಟಕ, ಟಿಕೀಟಿಲ್ಲ!"

ಕತ್ತಲಾಗುವ ಮೊದಲೇ ಅರ್ಸೇನಿಯೊ ತುಂಬಿದ ಕ್ಯಾನಿನೊಂದಿಗೆ ಮರಳಿದ. ತೊಟ್ಟಿಲನ್ನು ಸೊಸೆಗೆಂದು ಇಟ್ಟುಕೊಂಡ ಫ್ಲೋರೊ, ಪೆಟ್ರೋಲಿನ ಮೇಲೆ ಒಂದಿಷ್ಟು ಪೆಸೊಗಳನ್ನೂ ಕೊಟ್ಟಿದ್ದರು. ಪೇಟೆಯಲ್ಲಿ ಉಳಿಯುವ ಖರ್ಚಿಗೆ ಅದು ಆಯಿತು. ಏಣಿಯ ಮೆಟ್ಟಿಲ ಮೇಲೆ ಕೂತು ಎಲ್ಲ ಮಾತಾಡಿಕೊಂಡರು. ಜೊತೆಗೆ ತೊಮಾಸಾ ಬರುವುದು. ದೊಡ್ಡ ಮಗಳು ಅಜ್ಜಿಯ ಹತ್ತಿರ. ರಕ್ತ ಬೇಕಾದರೆ ಕೊಡಲು ಪೇಟೆಯಲ್ಲಿರುವ ಅರ್ಸೇನಿಯೊನ ತಮ್ಮನಿಗೆ ಈಗಲೇ ಹೇಳಿಡುವುದು. ಕೂಸಿಗೆ? ಒಗೆದು ಬಿಸಿಲಿಗೆ ಹಾಕಿದ ಹಳೆ ಬಟ್ಟೆ, ಒಂದು ಟೊಪ್ಪಿಗೆ, ಸೋಪು. "ಹಾಲು ಅಮ್ಮನ ಹತ್ರಾನೇ ಇದೆ. ಬಾಟ್ಲಿ ಕೊಳ್ಳೋಕೆ ಓಡ್ಬೇಡಿ ಮತ್ತೆ," ಎಂದರು ತೊಮಾಸಾ.

ಹನ್ನೊಂದು ದಿನ ಕಳೆದು, ನಡುಮಧ್ಯಾಹ್ನ ನೋವು ಬಂತು. ದಿನ ತುಂಬುವುದಕ್ಕೆ ಇನ್ನೂ ಎರಡು ವಾರವಿತ್ತು. ಸಮುದ್ರದ ನೀರು ಏರುತ್ತಿತ್ತು.

ಅರ್ಧ ದಾರಿಗೆ ಮೊದಲ ಕ್ಯಾನು ಮುಗಿಯಿತು. ಅರ್ಸೇನಿಯೊ ಹೆಂಡತಿಯ ಮುಖ ನೋಡಲು ಧೈರ್ಯವಿಲ್ಲದೆ ನೀರನ್ನೇ ನೋಡುತ್ತ ಎರಡನೆಯದನ್ನು ಸುರಿದ. ಆಸ್ಪತ್ರೆಯ ಕಟ್ಟೆ ಕಂಡಾಗ ನಿಲ್ಸಾ ಕೈ ಚಾಚಿ ಆ ಕ್ಯಾನು ತಟ್ಟಿದಳು. ಟೊಳ್ಳು ಸದ್ದು. ಆ ಸದ್ದಿಗೆ ಅವಳು ಹೆದರದೆ ಇದ್ದದ್ದು ಅದೊಂದೇ ಸಲ.

ಹೆಣ್ಣುಮಗು ಹುಟ್ಟಿತು. ರಕ್ತ ಈ ಸಲವೂ ಹರಿಯಿತು. ಆದರೆ ಸೂಜಿ ಕೈಯಲ್ಲಿ ಹಿಡಿದು ನರ್ಸ್ ಪಕ್ಕದಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿನಲ್ಲೇ ರಕ್ತ ನಿಂತಿತು.

ಕೂಸು ಈಗ ಅಕ್ಕ ಮಲಗಿದ್ದ ಹಳೆಯ ಬುಟ್ಟಿಯಲ್ಲೇ ಮಲಗುತ್ತದೆ. ನೋಡಲು ಬಂದವರಿಗೆ ಪಾಸ್ತೋರಾ ಬುಟ್ಟಿ ತೋರಿಸುವುದಿಲ್ಲ. ನಿಲ್ಸಾಳ ಕೈ ಹಿಡಿದು ತೋರಿಸುತ್ತಾರೆ. "ನೋಡಿ, ಬೆಚ್ಚಗಿದೆ. ಮಗೂಗೆ ಅಮ್ಮ ಇದಾಳೆ," ಎನ್ನುತ್ತಾರೆ.

ನಿಮ್ಮೂರಲ್ಲಿ ನದಿ ಇಲ್ಲದಿರಬಹುದು. ಆದರೆ ಆಸ್ಪತ್ರೆಗೆ ಒಂದು ದಾರಿಯಂತೂ ಇದೆ. ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಅವಳ ಪಕ್ಕ ಕೂತು, ನಿನಗೇನು ಭಯ ಎಂದು ಕೇಳಿ. ಅವಳು ಹೇಳುವುದನ್ನು ಅಪಶಕುನ ಎಂದು ತಡೆಯಬೇಡಿ. ಯಾವ ಗಾಡಿ, ಯಾರು ಜೊತೆ, ರಕ್ತ ಯಾರದು, ಹಣ ಎಲ್ಲಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರಲಿ. ಎಲ್ಲ ಸುಲಭವಾಗುವ ದಿನಕ್ಕಲ್ಲ, ನೀರು ಎದುರಾಗುವ ದಿನಕ್ಕೆ ತೆಗೆದಿಡಿ. ತೊಟ್ಟಿಲು ಕೊಳ್ಳುವ ಮೊದಲು ನಿಮ್ಮ ಕ್ಯಾನನ್ನು ಒಮ್ಮೆ ತಟ್ಟಿ ನೋಡಿ.