ಸಂಚಿಯೊಳಗಿನ ಪೇಢೆ

ಚಿಂಚೋಳಿಗೆ ಶುಗರ್ ತಪಾಸಣೆಗೆ ಹೋಗುವ ವಾರ ಮಾತ್ರ ಜಗದೇವಿ ಸಿಹಿ ಮುಟ್ಟುತ್ತಿರಲಿಲ್ಲ. ರಕ್ತ ಕೊಟ್ಟ ಮೇಲೆ ಬಾಯಿಗೆ ಹಾಕಿಕೊಳ್ಳಲು ಸಂಚಿಯಲ್ಲಿ ಎಲೆ ಅಡಿಕೆಯ ಕೆಳಗೆ ಪೇಢೆ ಇರುತ್ತಿತ್ತು. 'ಇವರನ್ನ ನೋಡಿ ಕಲೀರಿ' ಎಂದು ಡಾಕ್ಟರು ಉಳಿದ ಹೆಂಗಸರಿಗೆ ಹೇಳುವಾಗ ಅವಳು ತಲೆ ತಗ್ಗಿಸುತ್ತಿದ್ದಳು. ಅದನ್ನು ಎಲ್ಲರೂ ವಿನಯ ಅಂದುಕೊಂಡಿದ್ದರು.

ಪಕ್ಕದ ಮನೆಯ ಭೀಮಬಾಯಿ ತಿಂದದ್ದನ್ನೆಲ್ಲ ಹೇಳಿ ಬೈಸಿಕೊಳ್ಳುವವಳು. 'ನೀ ಏನ್ ಮಾಡ್ತಿ ಅಕ್ಕಾ?' ಎಂದು ಒಮ್ಮೆ ಕೇಳಿದ್ದಳು.

'ರಾತ್ರಿ ಉಣ್ಣೂದು ಬಿಟ್ಟೀನಿ' ಎಂದು ಜಗದೇವಿ ಬಾಯಿಗೆ ಬಂದದ್ದು ಹೇಳಿದ್ದಳು.

ಈ ಸಲ ತಮ್ಮೂರು ಚಿಮ್ಮನಚೋಡದಿಂದ ತಪಾಸಣೆಗೆ ಹೊರಟ ಬಸ್ಸಿನಲ್ಲಿ ಭೀಮಬಾಯಿ ಬೆವತು, ನಡುಗಿ, ಸೀಟಿಗೆ ಒರಗಿಬಿಟ್ಟಳು. ರಾತ್ರಿ ಉಂಡಿರಲಿಲ್ಲ, ಗುಳಿಗೆ ಮಾತ್ರ ನುಂಗಿದ್ದಳು.

'ಶುಗರ್ ಇಳದದ. ಯಾರ ಬಲ್ಲಿ ಸಿಹಿ ಅದ, ಲಗೂನ ಕೊಡ್ರಿ' ಎಂದಳು ಜೊತೆಗಿದ್ದ ಆಶಾ ಕಾರ್ಯಕರ್ತೆ ನಾಗರತ್ನಾ.

ಜೊತೆಗೆ ಹೊರಟವರೆಲ್ಲ ಸಕ್ಕರೆ ಕಾಯಿಲೆಯವರೇ. ಯಾರ ಬಳಿಯೂ ಇರಲಿಲ್ಲ. ಜಗದೇವಿಯ ಕೈ ಸಂಚಿಯ ಮೇಲೆ ನಿಂತಿತು. ನಿಂತದ್ದು ಒಂದು ಗಳಿಗೆ, ಆದರೆ ನಿಂತಿತ್ತು. ಆಮೇಲೆ ಪೇಢೆ ಮುರಿದು ಭೀಮಬಾಯಿಯ ಬಾಯಿಗಿಟ್ಟಳು.

ಸ್ವಲ್ಪ ಹೊತ್ತಿಗೆ ಭೀಮಬಾಯಿ ಚೇತರಿಸಿಕೊಂಡು ಅವಳ ಕೈ ಹಿಡಿದಳು. 'ಇಂಥ ವ್ಯಾಳ್ಯಾಕ್ಕಂತ ಇಟ್ಕೊಂಡಿರ್ತಿ ಏನಕ್ಕಾ?'

'ಹೂಂ' ಎಂದಳು ಜಗದೇವಿ.

ಭೀಮಬಾಯಿ ಉಳಿದ ಪೇಢೆಯನ್ನು ತಾನೇ ಸಂಚಿಯೊಳಗಿಟ್ಟು ದಾರ ಎಳೆದು ಬಿಗಿದಳು. 'ಜ್ವಾಕಿ ಇಟ್ಕೋ. ನೀ ಅಂತೂ ತಿನ್ನಂಗಿಲ್ಲ.'