ಮೊಗ್ಗು ಕೀಳುವ ಗೊತ್ತಾಯ್ತಪ್ಪ

ಎದುರಿಗಿದ್ದವರ ಮಾತು ಮುಗಿಯುವವರೆಗೆ ಕಾಯುವ ವ್ಯವಧಾನ ನನ್ನ ಮೈದುನನಿಗೆ ಹುಟ್ಟಿದಾಗಿನಿಂದಲೂ ಇರಲಿಲ್ಲ. ನೀವು ಅರ್ಧ ಆಡುವಷ್ಟರಲ್ಲಿ "ಗೊತ್ತಾಯ್ತು, ಗೊತ್ತಾಯ್ತು" ಎಂದು ಉಳಿದರ್ಧವನ್ನು ತಾನೇ ಆಡಿ, ಅದಕ್ಕೆ ಉತ್ತರವನ್ನೂ ಕೊಟ್ಟು, ನಾಲ್ಕು ಹೆಜ್ಜೆ ಮುಂದೆ ಹೋಗಿಬಿಟ್ಟಿರುತ್ತಿದ್ದ. ಊರವರು ಅವನನ್ನು ಗೊತ್ತಾಯ್ತಪ್ಪ ಎಂದೇ ಕರೆಯುತ್ತಿದ್ದರು. ಒಮ್ಮೆ ಕ್ಷೌರದವನು "ಅಣ್ಣ, ತಲೇಲಿ ಹೊಟ್ಟು ಜಾಸ್ತಿಯಾಗಿದೆ, ಕೂದಲು ಪೂರ್ತಿ ತೆಗೆದುಬಿಟ್ರೆ ಈ ಚಳೀಲಿ..." ಎನ್ನುತ್ತಿದ್ದಂತೆ, "ಗೊತ್ತಾಯ್ತು, ತೆಗಿ" ಎಂದನಂತೆ. ಬೋಳುತಲೆಯಲ್ಲಿ ಮನೆಗೆ ಬಂದು, "ಚಳಿಯಾಗುತ್ತೆ ಅಂತ ಅವನು ಮೊದಲೇ ಹೇಳಬಾರದಿತ್ತಾ ಅತ್ತಿಗೆ?" ಎಂದು ನನ್ನನ್ನು ಕೇಳಿದ.

"ಹೇಳೋಕೆ ನೀನು ಬಿಟ್ಟರೆ ತಾನೆ!"

ಕಸುಬೇ ಅವನನ್ನು ಹಾಗೆ ಮಾಡಿತೋ, ಸ್ವಭಾವಕ್ಕೆ ತಕ್ಕ ಕಸುಬು ಒದಗಿತೋ ನಾನರಿಯೆ. ಮನೆಯ ಹಿಂದಿನ ಕಲ್ಲುಗುಡ್ಡದ ಬಿರುಕುಗಳಲ್ಲಿ ತನ್ನಷ್ಟಕ್ಕೆ ಬೆಳೆಯುತ್ತಿದ್ದ, ಆಡು ಕೂಡ ಮೂತಿ ತಿರುಗಿಸುತ್ತಿದ್ದ ಮುಳ್ಳುಗಿಡವನ್ನು ಅವನು ಬೆಳೆಯಾಗಿ ಮಾಡಿಕೊಂಡಿದ್ದ. ಪೇಟೆಯವರು ಅದನ್ನು ಕೇಪರ್ ಎನ್ನುತ್ತಾರೆ; ಎಳೆಯ ಮೊಗ್ಗನ್ನು ಉಪ್ಪಿನಲ್ಲಿಟ್ಟು ಮಾರುತ್ತಾರೆ. ಬೀಜ ಬಿತ್ತಿದರೆ ಏಳುವುದೇ ಅಪರೂಪ, ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಕಡ್ಡಿ ನೆಟ್ಟು, ಬುಡಕ್ಕೆ ಕಲ್ಲು ಜೋಡಿಸಿ, ಚಳಿಗಾಲದಲ್ಲಿ ಮೋಟಾಗಿ ಕತ್ತರಿಸಿ ಮಗುವಿನಂತೆ ಸಾಕಿದ. ಮೊಗ್ಗು ಮೆಣಸಿನಕಾಳಿನ ಗಾತ್ರವಿರುವಾಗಲೇ, ಬಿಸಿಲೇರುವ ಮುನ್ನ ಕೀಳಬೇಕು. ತಡವಾದಷ್ಟೂ ಬೆಲೆ ಇಳಿಯುತ್ತದೆ, ಅರಳಿತೋ ಅದು ಬರೀ ಹೂವು. ಮುಳ್ಳಿಗೆ ಹೆದರಿ ಬೇಸಿಗೆಯಲ್ಲೂ ಅವನು ತೊಡುತ್ತಿದ್ದ ದಪ್ಪ ಕ್ಯಾನ್ವಾಸ್ ಕೋಟಿನ ತೋಳುಗಳು ನೂಲುನೂಲಾಗಿದ್ದವು. ಇಳಿಜಾರಿನಲ್ಲಿ ಅಡ್ಡಡ್ಡ ನಡೆದು ರೂಢಿಯಾಗಿ, ಸಮತಟ್ಟು ರಸ್ತೆಯಲ್ಲೂ ಒಂದು ಭುಜವನ್ನು ಮುಂದೆ ಮಾಡಿಕೊಂಡೇ ಹೋಗುತ್ತಿದ್ದ.

ಅವನಿಗಿದ್ದವಳು ಒಬ್ಬಳೇ ಮಗಳು, ತಾಯಿಯಿಲ್ಲದ ಹುಡುಗಿ. ಬಂದರಿನಲ್ಲಿದ್ದ ಅವಳ ಸೋದರಮಾವ ತನ್ನ ಅಂಗಡಿ ನೋಡಿಕೊಳ್ಳಲು ಕರೆದಿದ್ದ. ಮೊಗ್ಗು ಆರಿಸುತ್ತ ಕೂತಿದ್ದಾಗ ಅವಳು ನನಗೆ ಮೆಲ್ಲಗೆ ಹೇಳಿದಳು: "ದೊಡ್ಡಮ್ಮ, ನಾನು ಹೋಗಲ್ಲ. ಗುಡ್ಡದ ಮೇಲ್ಭಾಗಾನೂ ನೆಡೋಣ, ಅದನ್ನ ನಾನೇ ನೋಡ್ಕೋತೀನಿ ಅಂತ ಅಪ್ಪನ್ನ ಕೇಳ್ತೀನಿ."

"ಕೇಳು. ಮೊದಲು ಅವನ ಬಾಯಿಗೆ ಏನಾದ್ರೂ ತುರುಕು," ಎಂದೆ.

ಊಟದ ಹೊತ್ತಿನಲ್ಲಿ ಅವಳು ಶುರುಮಾಡಿದಳು. "ಅಪ್ಪಾ, ಮಾವ ಕರೆದಿದ್ದಾರಲ್ಲ, ನಾನೇನು ಯೋಚನೆ ಮಾಡಿದೀನಿ ಅಂದ್ರೆ..."

"ಗೊತ್ತಾಯ್ತು ಮಗಳೇ, ಗೊತ್ತಾಯ್ತು. ಹೋಗು. ಈ ಮುಳ್ಳಲ್ಲಿ ನಿನಗೇನು ಕೆಲಸ? ನನ್ನ ಚಿಂತೆ ಬಿಡು."

ಎತ್ತಿದ ತುತ್ತನ್ನು ಅವನು ಬಾಯಿಗಿಡದೆ ತಟ್ಟೆಗೇ ಹಾಕಿದ್ದು ನನಗೆ ಕಂಡಿತು. ತಲೆ ತಗ್ಗಿಸಿದ್ದ ಮಗಳಿಗೆ ಕಾಣಲಿಲ್ಲ. "ಅವಳ ಮಾತು ಮುಗೀಲಿ ಮಾರಾಯಾ," ಎಂದೆ.

"ಮುಗೀತು ಬಿಡಿ ದೊಡ್ಡಮ್ಮ," ಎಂದು ಅವಳೇ ಎದ್ದಳು. ಬೇಡಿಕೊಂಡು ಉಳಿಯುವುದು ತನಗೆ ಬೇಡವೆಂದು, ಅಪ್ಪನ ಮುಂದೆ ಬಾಯಿ ಬಿಡದಂತೆ ನನ್ನಿಂದ ಆಣೆ ಹಾಕಿಸಿಕೊಂಡೇ ಬಸ್ಸು ಹತ್ತಿದಳು.

ಅವಳು ಹೋದಮೇಲೆ ಅವನು ಗಿಡಗಳ ನಡುವೆ ದಿಕ್ಕುತಪ್ಪಿದವನಂತೆ ಅಲೆಯುವುದನ್ನು ನೋಡಲಾರದೆ ಕೊನೆಗೊಂದು ದಿನ ಆಣೆ ಮುರಿದೆ. ನಾನು ಕಂಡಂತೆ, ಒಬ್ಬರ ಮಾತನ್ನು ಅವನು ಕಡೆಯತನಕ ಕೇಳಿದ್ದು ಅಂದೇ ಮೊದಲು. ಕೇಳಿ, ಕೋಟು ಕಳಚಿಟ್ಟು ಬಂದರಿಗೆ ಹೊರಟ. ಒಬ್ಬನೇ ಮರಳಿದ.

"ಏನಂದಳು?"

"ಪೂರ್ತಿ ಕೇಳಿಸಿಕೊಂಡೆ ಅತ್ತಿಗೆ. ಅಂಗಡಿ ಒಗ್ಗಿಹೋಗಿದೆಯಂತೆ. ಆವತ್ತು ಇರು ಅಂದಿದ್ರೆ ಇರ್ತಿದ್ದೆ, ಈಗ ಆ ಆಸೇನೇ ಇಲ್ಲ ಅಂದಳು. ಊಟ ಮಾಡ್ಕೊಂಡು ಹೋಗಿ ಅಂದಳು."

ಒರಟರು ಮಾತು ತುಂಡರಿಸಿದರೆ ನಾವು ಜಗಳವಾಡಿಯಾದರೂ ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತೇವೆ. ಮೈದುನನಂಥ ಮೃದುಹೃದಯರೊಡನೆ ಜಗಳಕ್ಕೂ ಆಸ್ಪದವಿಲ್ಲ. ಕೇಳುವ ಮೊದಲೇ ಕೊಡುವವರು, ತಮ್ಮ ಜೀವವನ್ನೇ ಹಿಂಡಿ ಕೊಡುವವರು ಅವರು. ಅಂಥವರ ಮನೆಯಲ್ಲಿ ಯಾರಿಗೂ ಯಾವುದಕ್ಕೂ ಕೊರತೆಯಿರುವುದಿಲ್ಲ. ಕೇಳಲು ಬಂದದ್ದೊಂದು ಮಾತ್ರ ಸಿಕ್ಕಿರುವುದಿಲ್ಲ.