ಅರ್ಧ ಅಂಗುಲದ ಬೋಲ್ಟು

ಯುದ್ಧದ ಐದನೆಯ ವರ್ಷ, ಮಾಘಮಾಸ. ಬೆಳಗಿನ ಏಳು ಗಂಟೆಗೆ ಮೇಡ್ಲೇರಿಯಿಂದ ಗುಡ್ಡಪ್ಪ ಎತ್ತಿನ ಗಾಡಿ ಹೊಡೆದುಕೊಂಡು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದನು. ಅಲ್ಲಿ ನನ್ನ ಹೆಂಡತಿ ಗೋದೂಬಾಯಿಯ ಅಕ್ಕ ಸರಸ್ವತೀಬಾಯಿಗೆ ಕೊನೆಯ ಗಳಿಗೆ ಸಮೀಪಿಸಿತ್ತು. ತಂಗಿಯನ್ನು ನೋಡಬೇಕೆಂದು ತಮ್ಮ ಊರಿನ ಈ ಗಾಡಿಯವನ ಕೈಯಲ್ಲಿ ಹೇಳಿಕಳಿಸಿದ್ದರು.

ಅಂಗಳದಲ್ಲಿ ನನ್ನ ಹಳೆಯ ಅಮೆರಿಕದ ಮೋಟಾರು ನಿಂತಿತ್ತು. ಮೂರು ದಿನಗಳ ಹಿಂದೆ ಬ್ಯಾಡಗಿಯಿಂದ ಬರುವಾಗ, ಹಿಂದಿನ ಕಮಾನು ಪಟ್ಟಿಗಳನ್ನು ಅಚ್ಚಿಗೆ ಬಿಗಿಯುವ ಬೋಲ್ಟಿನ ನಟ್ಟು ದಾರಿಯಲ್ಲಿ ಕಳಚಿ ಬಿದ್ದಿತ್ತು. ಅಂಥದು ಹಾವೇರಿಯಲ್ಲಿಯೂ ಸಿಕ್ಕಿರಲಿಲ್ಲ.

"ಮಾಸ್ತರ್ರ, ನಿಮ್ಮ ಮೋಟಾರಿನ ಕಾಲ ಮುರದೈತಿ. ನನ್ನ ಎತ್ತಿಗೆ ನಾಕ ನಾಕ ಅದಾವ. ಹತ್ರಿ, ಹೋಗೂಣು," ಎಂದನು ಗುಡ್ಡಪ್ಪ.

ಗೋದೂಬಾಯಿ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಗಾಡ್ಯಾಗ ಹೋಗೋಣ್ರಿ. ಈಗ ಇದ್ದದ್ದು ಅದ ಒಂದ."

ನಾನು ಲೆಕ್ಕ ಹಾಕಿದೆ. ಎಂಟು ಮೈಲಿ; ಗಾಡಿಗೆ ಮೂರು ತಾಸು. ದುರಸ್ತಿಗೆ ಒಂದು, ಮೋಟಾರಿನ ಪಯಣಕ್ಕೆ ಅರ್ಧ. ಉಳಿಯುವುದು ಒಂದೂವರೆ ತಾಸು.

"ನೀ ನಡಿ ಗುಡ್ಡಪ್ಪ. ನಿನಗಿಂತ ಮೊದಲ ನಾವು ಅಲ್ಲಿರ್ತೇವಿ."

ಹತ್ತಿಯ ಜಿನ್ ಕಾರ್ಖಾನೆಯಿಂದ ತಂದಿಟ್ಟಿದ್ದ ಹಳೆಯ ನಟ್ಟೊಂದು ಪೆಟ್ಟಿಗೆಯಲ್ಲಿತ್ತು. ಅಳತೆಪಟ್ಟಿ ಹಿಡಿದು ನೋಡಿದೆ. ಬೋಲ್ಟಿನ ದಪ್ಪ ಅರ್ಧ ಅಂಗುಲ. ನಟ್ಟೂ ಅರ್ಧ ಅಂಗುಲದ್ದೇ. ಒಂದು ಸುತ್ತು ಸಲೀಸಾಗಿ ಏರಿತು, ಬಳಿಕ ಬಿಗಿಯಾಯಿತು. ಬಿಗಿಯಾದದ್ದನ್ನೇ ಹೊಂದಿದೆಯೆಂದು ತಿಳಿದೆ. ನಟ್ಟು ತಿರುವುವ ಪಾನಾದ ಹಿಡಿಕೆಗೆ ಕೊಳವೆ ಸೇರಿಸಿ ಮೈಭಾರವನ್ನೆಲ್ಲ ಹಾಕಿದೆ.

ಒಮ್ಮೆಲೆ ಪಾನಾ ಹಗುರವಾಯಿತು. ನಟ್ಟು ಸುಮ್ಮನೆ ತಿರುಗತೊಡಗಿತು. ಬೋಲ್ಟಿನ ಮೈಮೇಲಿನ ಸುತ್ತುಗೆರೆಗಳು ಕಿತ್ತುಹೋಗಿ, ಬೆಳ್ಳಗಿನ ಉಕ್ಕಿನ ಸುರುಳಿಗಳಾಗಿ ನನ್ನ ಅಂಗೈ ಮೇಲೆ ಉದುರಿದವು.

ಆಗ ಎಣಿಸಿದೆ. ಬೋಲ್ಟಿನಲ್ಲಿ ಗೆರೆ ಉಳಿದಿದ್ದ ಕಡೆ ಅಂಗುಲಕ್ಕೆ ಇಪ್ಪತ್ತು. ನಟ್ಟಿನಲ್ಲಿ ಹನ್ನೆರಡು. ಮೂವತ್ತೊಂದು ವರ್ಷ ಮಕ್ಕಳಿಗೆ ಅಂಕಗಣಿತ ಕಲಿಸಿದವನು ದಪ್ಪವನ್ನು ಅಳೆದಿದ್ದೆ, ಗೆರೆಗಳನ್ನು ಎಣಿಸಿರಲಿಲ್ಲ.

ಅಷ್ಟಾದರೂ ನಾನು ನಿಲ್ಲಿಸಲಿಲ್ಲ. ತಂತಿ ಸುತ್ತಿದೆ, ಹರಿಯಿತು. ತಗಡಿನ ತುಂಡು ತೂರಿಸಿದೆ, ಹಿಂಡಿಹೋಯಿತು. ಗೋದೂಬಾಯಿ ಎರಡು ಸಲ ಬಂದಳು.

"ಬ್ಯಾರೆ ಗಾಡಿ ನೋಡ್ರಿ."

"ಇನ್ನ ಕಾಲ್ ತಾಸು ತಡಿ."

ಮೂರನೆಯ ಸಲ ಅವಳು ನನ್ನನ್ನು ಕೇಳಲಿಲ್ಲ. ಸಂತೆಪೇಟೆಗೆ ತಾನೇ ಹೋಗಿ ಬಾಡಿಗೆಯ ಎತ್ತಿನ ಗಾಡಿಯೊಂದನ್ನು ತಂದಳು. ಆಗ ಒಂದು ಗಂಟೆ.

ಮೇಡ್ಲೇರಿ ಮುಟ್ಟಿದಾಗ ನಾಲ್ಕಾಗಿತ್ತು. ಹೊಳೆಯ ದಾರಿಯಲ್ಲಿ ಗಂಡಸರು ತೊಯ್ದ ಪಂಚೆಯಲ್ಲಿ ಸಾಲಾಗಿ ಬರುತ್ತಿದ್ದರು. ಮನೆಯ ಮುಂದೆ ಗುಡ್ಡಪ್ಪನ ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಅವನು ನನ್ನನ್ನು ನೋಡಿ ಎದ್ದು ನಿಂತನು.

ಕೆಲಸದ ಕರಿಯವ್ವ ಗೋದೂಬಾಯಿಯ ಕೈ ಹಿಡಿದಳು. "ಹನ್ನೆರಡರ ಮಟ ಜೀವ ಹಿಡದಿದ್ರವ್ವಾ. ಗುಡ್ಡಪ್ಪ ಬಂದು ಮೋಟಾರ ಬರ್ತೈತಿ ಅಂದಿದ್ದ. 'ಸಪ್ಪಳ ಕೇಳಸ್ತೇನ?' ಅಂತ ಕೇಳಿಕೋತನ ಹೋದ್ರು."

ಗೋದೂಬಾಯಿ ಅಳಲಿಲ್ಲ. ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದಳು. ಸೀರೆಯಿಂದ ನೀರು ಸೋರುತ್ತಿರಲು ನನ್ನೆದುರು ನಿಂತು ಕೇಳಿದಳು.

"ಮುಂಜಾನೆ ಗುಡ್ಡಪ್ಪನ ಗಾಡಿ ಹತ್ತಿದ್ರ ಎಷ್ಟಕ್ಕ ಬರ್ತಿದ್ವಿ?"

ನನ್ನ ಅಂಗೈಯ ಗೀರಿನಲ್ಲಿ ಉಕ್ಕಿನ ಚೂರೊಂದು ಇನ್ನೂ ಸಿಕ್ಕಿಕೊಂಡಿತ್ತು.

"ಹತ್ತಕ್ಕ," ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು.